ವರ್ತಕನ ವಾಕ್ಕೂ ಅದರ ಅವಧಿಯೂ

ಊರಿನಲ್ಲಿ ನಾಲ್ಕು ಜನರ ವಿಶ್ವಾಸಕ್ಕೆ ಪಾತ್ರವಾದ ಒಂದು ವ್ಯಾಪಾರ ಸಂಸ್ಥೆಯ ಪಾಲುಗಾರರು ತಮ್ಮ ಗಿರಾಕಿಗಳ ತಿಳಿವಳಿಕೆಗಾಗಿ ಆಗಾಗ ಏನಾದರೂ ಬರೆದು ಪ್ರಕಟಿಸಬೇಕೆಂದು ಸಂಕಲ್ಪಿಸಿದರೆನ್ನಿ. ಅವರಲ್ಲಿ ಮೊದಲು ಹುಟ್ಟುವ ಚರ್ಚೆಯು ಏನನ್ನು ಬರೆಯಬೇಕೆಂಬುದಲ್ಲ, ಎಷ್ಟು ಸಲ ಬರೆಯಬೇಕೆಂಬುದು. ವಾರಕ್ಕೊಮ್ಮೆಯಾದರೂ ಹೆಸರು ಕಣ್ಣಿಗೆ ಬೀಳದಿದ್ದರೆ ಜನರು ಮರೆತಾರೆಂದು ಒಬ್ಬನು ಹೇಳುವನು. ಹೇಳತಕ್ಕ ವಿಷಯವಿದ್ದಾಗ ಹೇಳಿದರೆ ಸಾಕೆಂದು ಇನ್ನೊಬ್ಬನು. ಎದುರು ಅಂಗಡಿಯವರು ವಾರಕ್ಕೆ ಎರಡು ಸಲ ಹೊರಡಿಸುತ್ತಿರುವರಾದುದರಿಂದ ತಾವು ಮೂರು ಸಲ ಹೊರಡಿಸಬೇಕೆಂದು ಮೂರನೆಯವನು. ಲೆಕ್ಕ ಬರೆಯುವವನು ಇದನ್ನು ಬರಿಯ ಖರ್ಚಿನ ಪ್ರಶ್ನೆಯೆಂದು ತಿಳಿದು ಕೂಡಿ ಕಳೆದು ಒಂದು ಉತ್ತರವನ್ನು ಕೊಡುವನು. ಆದರೆ ಇದು ಲೆಕ್ಕದ ಪ್ರಶ್ನೆ ಮಾತ್ರವೇ? ಪರರ ಕಾಲವನ್ನು ಕೇಳದೆ ತೆಗೆದುಕೊಳ್ಳುವುದೂ, ಇಂಥ ದಿನ ಮಾತಾಡುವೆನೆಂದು ವಚನವೀಯುವುದೂ, ಆ ದಿನ ಆಡಲು ಮಾತಿಲ್ಲದಿದ್ದರೂ ಆಡುವುದೂ ಧರ್ಮಾಧರ್ಮಗಳ ವಿಚಾರಕ್ಕೆ ಸೇರಿದವುಗಳು. ಪಾಲುಗಾರರು ಇದನ್ನು ಆ ಹೆಸರಿನಿಂದ ಕರೆಯದಿರಬಹುದು, ಅಷ್ಟೆ.

ಅವಧಿಯನ್ನು ಗೊತ್ತುಮಾಡುವವನು ಯಾವಾಗಲೂ ಬರೆಯುವವನೇ ಎಂದು ತಿಳಿಯಬೇಕಾಗಿಲ್ಲ. ರಿಚರ್ಡ್ ಸ್ಟೀಲನು ಲಂಡನ್ನಿನಲ್ಲಿ 1709ನೆಯ ಇಸವಿ ಏಪ್ರಿಲಿನಲ್ಲಿ ‘ಟ್ಯಾಟ್ಲರ್’ ಪತ್ರಿಕೆಯನ್ನು ಆರಂಭಿಸಿದಾಗ ಮಂಗಳವಾರ, ಗುರುವಾರ, ಶನಿವಾರಗಳನ್ನು ಆರಿಸಿಕೊಂಡನು. ಆ ದಿನಗಳಲ್ಲಿ ಯಾವ ವಿಶೇಷ ಸ್ಫೂರ್ತಿಯೂ ಅವನಿಗೆ ಒದಗುತ್ತಿರಲಿಲ್ಲ. ಲಂಡನ್ನಿನಿಂದ ಹಳ್ಳಿಗಾಡಿಗೆ ಅಂಚೆಯು ಹೊರಡುತ್ತಿದ್ದುದು ಆ ದಿನಗಳಲ್ಲಿ. ಅಂಚೆಯ ಕುದುರೆಯೇ ಅಲ್ಲಿ ಸಾಹಿತ್ಯದ ತಿಥಿಯನ್ನು ನಿರ್ಣಯಿಸಿತು. ಕನ್ನಡದ ಮೊದಲ ಪತ್ರಿಕೆಯೆಂದು ಎಣಿಸಲ್ಪಟ್ಟಿರುವ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೆರ್ಮನ್ ಮೊಗ್ಲಿಂಗನು ಕಲ್ಲಚ್ಚಿನಲ್ಲಿ ಪಕ್ಷಕ್ಕೊಮ್ಮೆ ಹೊರಡಿಸಿದನು. ಕಲ್ಲಿನ ಮೇಲೆ ಅಕ್ಷರಗಳನ್ನು ಮೂಡಿಸಿ ಒಂದೊಂದೇ ಹಾಳೆಯನ್ನು ಒತ್ತಿ ತೆಗೆಯುವವರಿಗೆ ದಿನಪತ್ರಿಕೆಯ ಯೋಚನೆ ಬರುವಂತೆಯೂ ಇರಲಿಲ್ಲ. ಕಾಗದದ ಬೆಲೆ, ಅಚ್ಚಿನ ಶ್ರಮ, ದಾರಿಯ ದೂರ, ಇವುಗಳೆಲ್ಲ ಬರೆಯುವವನ ಬಾಯಿಗೆ ಒಂದು ಕಡಿವಾಣವಾಗಿದ್ದುವು. ಇಂದು ಬರೆದದ್ದು ಕ್ಷಣಮಾತ್ರದಲ್ಲಿ ಸಾವಿರಾರು ಜನರ ಅಂಗೈಯ ಮೇಲಿನ ಯಂತ್ರಕ್ಕೆ ಹೋಗಿ ಬೀಳುತ್ತದೆ. ಒಂದು ಸಲ ಕಳುಹಿಸುವುದಕ್ಕೂ ಹತ್ತು ಸಲ ಕಳುಹಿಸುವುದಕ್ಕೂ ವೆಚ್ಚದಲ್ಲಿ ಹೆಚ್ಚು ಭೇದವಿಲ್ಲ. ಹಿಂದೆ ಹೊರಗಿನ ಬಡತನವು ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಒಳಗಿನ ವಿವೇಕವೇ ಮಾಡಬೇಕಾಗಿದೆ. ಪ್ರಶ್ನೆಯು ಇಷ್ಟು ತೀಕ್ಷ್ಣವಾದುದಕ್ಕೆ ಕಾರಣವಿದೇ.

ಅವಧಿಯ ಕಟ್ಟನ್ನು ಹೊಗಳುವವರಿಗೆ ಸಾಮ್ಯುಯೆಲ್ ಜಾನ್ಸನ್ನನ ಉದಾಹರಣೆಯು ಯಾವಾಗಲೂ ಒದಗುತ್ತದೆ. 1750ನೆಯ ಇಸವಿ ಮಾರ್ಚಿಯಿಂದ 1752ರ ಮಾರ್ಚಿಯವರೆಗೆ ಮಂಗಳವಾರ ಒಂದು, ಶನಿವಾರ ಒಂದರಂತೆ ‘ರ‍್ಯಾಂಬ್ಲರ್’ ಪತ್ರಿಕೆಯ 208 ಸಂಚಿಕೆಗಳನ್ನು ಅವನು ಹೊರಡಿಸಿದನು. ಕೆಲವೇ ಸಂಚಿಕೆಗಳನ್ನು ಬಿಟ್ಟರೆ ಎಲ್ಲವೂ ಅವನೊಬ್ಬನ ಬರಹ. ಅದೇ ಕಾಲದಲ್ಲಿ ಅವನ ದೊಡ್ಡ ನಿಘಂಟಿನ ಕೆಲಸವೂ ನಡೆಯುತ್ತಿದ್ದಿತು. ಅಚ್ಚಿನ ಮನೆಯ ಹುಡುಗನು ಬಾಗಿಲಲ್ಲಿ ಕಾದಿರುವಾಗ ಅವಸರದಿಂದ ಬರೆದು ಕೊಟ್ಟವೇ ಅವುಗಳಲ್ಲಿ ಬಹಳ. ಗೊತ್ತಾದ ದಿನಕ್ಕೆ ಬರೆಯುವ ನಿರ್ಬಂಧವುಳ್ಳವನು ಎಷ್ಟೋ ಸಲ ಚೆದರಿದ ಮನಸ್ಸನ್ನೂ ದಣಿದ ದೇಹವನ್ನೂ ಹೊತ್ತು ಕೆಲಸಕ್ಕೆ ಕುಳಿತುಕೊಳ್ಳಬೇಕಾಗುವುದೆಂದು ಕೊನೆಯ ಸಂಚಿಕೆಯಲ್ಲಿ ಅವನೇ ತೋಡಿಕೊಂಡಿದ್ದಾನೆ. ಆದರೂ ಆ ಮಂಗಳವಾರ ಶನಿವಾರಗಳ ಚಾಟಿಯಿಲ್ಲದಿದ್ದರೆ, ಸ್ವಭಾವತಃ ಆಲಸ್ಯಪ್ರಿಯನೆಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ ಆ ಮಹಾಪುರುಷನು ಆ ಇನ್ನೂರು ಪ್ರಬಂಧಗಳಲ್ಲಿ ಇಪ್ಪತ್ತನ್ನಾದರೂ ಬರೆಯುತ್ತಿದ್ದನೇ ಎಂಬುದು ಸಂದೇಹ. ವಿಷಯವು ಸಿದ್ಧವಾಗುವವರೆಗೆ ಕಾಯುವೆನೆನ್ನುವ ಅನೇಕರಲ್ಲಿ ಕಾಯುವಿಕೆಯೊಂದೇ ಸಿದ್ಧವಾಗಿರುತ್ತದೆ.

ಆದರೆ ಇಲ್ಲಿ ಒಂದನ್ನು ಗಮನಿಸಬೇಕು. ‘ರ‍್ಯಾಂಬ್ಲರ’ನ್ನು ಓದುವವನು ಎರಡು ಪೆನ್ನಿ ಕೊಟ್ಟು ಕೊಂಡು ಓದುತ್ತಿದ್ದನು, ಬೇಡವಾದರೆ ಕೊಳ್ಳದೆ ಇರುವ ಸ್ವಾತಂತ್ರ್ಯ ಅವನಿಗಿದ್ದಿತು. ವಾಸ್ತವವಾಗಿ ಹೆಚ್ಚು ಜನರು ಕೊಳ್ಳಲೂ ಇಲ್ಲ. ಅವನ ಲೇಖನಗಳ ವಿಷಯವೋ ಮನುಷ್ಯಸ್ವಭಾವ. ಅದು ಇನ್ನೂರು ಸಂಚಿಕೆಗಳಿಗಲ್ಲ, ಎರಡು ಸಾವಿರಕ್ಕೂ ಬತ್ತತಕ್ಕ ಬಾವಿಯಲ್ಲ. ವರ್ತಕನ ಸ್ಥಿತಿ ಬೇರೆ. ಅವನ ಪತ್ರವು ಬೆಲೆಯಿಲ್ಲದೆ ಬರುತ್ತದೆ, ಕರೆಯದೆ ಬರುತ್ತದೆ, ಅವನ ವಿಷಯವಾದರೋ ಒಂದು ಕೊಡಲಿ, ಒಂದು ಸೀರೆ, ಒಂದು ಔಷಧ. ಧರ್ಮಾರ್ಥವಾಗಿ ಬಂದುದೆಂದು ಗಿರಾಕಿಯು ಅದನ್ನು ಕೈಗೆ ತೆಗೆದುಕೊಳ್ಳುವನು. ತೆಗೆದುಕೊಂಡ ಮೇಲೆ ಕಾಲು ಗಂಟೆ ಕಳೆದುಹೋಗಿರುತ್ತದೆ. ಆ ಕಾಲು ಗಂಟೆಯ ಬೆಲೆ ವರ್ತಕನ ಖಾತೆಯಲ್ಲಿ ಎಲ್ಲಿಯೂ ಬರುವುದಿಲ್ಲವಾದುದರಿಂದ ಅದು ಶೂನ್ಯವೆಂದು ಅವನು ಭ್ರಮಿಸುತ್ತಾನೆ.

ಈ ಸಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದ ವರ್ತಕರೂ ಇಲ್ಲದಿಲ್ಲ. ಫ್ರಾನ್ಸಿನ ಕ್ಲೆರ್ಮೋ ಫೆರಾಂ ನಗರದಲ್ಲಿ ಮೋಟಾರುಗಳಿಗೆ ರಬ್ಬರಿನ ಟಯರುಗಳನ್ನು ಮಾಡುತ್ತಿದ್ದ ಮಿಶೆಲಿನ್ ಸಹೋದರರು 1900ರಲ್ಲಿ ಒಂದು ಕೈಪಿಡಿಯನ್ನು ಹೊರಡಿಸಿದರು. ಆಗ ಆ ದೇಶದಲ್ಲೆಲ್ಲ ಮೋಟಾರುಗಳು ಮೂರು ಸಾವಿರ ಇದ್ದುವೋ ಇಲ್ಲವೋ. ಇವರು ಅಚ್ಚು ಹಾಕಿಸಿದುದು 35,000 ಪ್ರತಿಗಳನ್ನು! ಟಯರನ್ನು ಬದಲಾಯಿಸುವ ಬಗೆ, ಪೆಟ್ರೋಲು ದೊರೆಯುವ ಸ್ಥಳ, ದುರಸ್ತಿ ಮಾಡುವವರು, ತಂಗಲು ಹೋಟೆಲು, ಇವುಗಳ ವಿವರಗಳೆಲ್ಲ ಅದರಲ್ಲಿದ್ದುವು. ಜನರು ಹೆಚ್ಚು ತಿರುಗಿದರೆ ಟಯರುಗಳು ಹೆಚ್ಚು ಸವೆಯುವುವೆಂಬ ಸ್ವಾರ್ಥವು ಇದರ ಹಿಂದೆ ಇದ್ದಿತೆಂಬುದು ಯಾರಿಗಾದರೂ ತೋರತಕ್ಕದ್ದೇ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಗಮನಿಸಬೇಕಾದುದು ಇದು: ಆ ಕೈಪಿಡಿ ವರ್ಷಕ್ಕೊಂದು ಬಾರಿ ಬರುತ್ತಿದ್ದಿತು. ಒಂದು ವರ್ಷದಲ್ಲಿ ಹೊಸ ಹೋಟೆಲುಗಳು ಏಳುತ್ತವೆ, ಹಳೆಯವು ಮುಚ್ಚುತ್ತವೆ, ರಸ್ತೆಗಳು ಬದಲಾಗುತ್ತವೆ. ಒಂದು ವಾರದಲ್ಲಿ ಅಂಥದೇನೂ ಆಗುವುದಿಲ್ಲ. ಯುದ್ಧಕಾಲದಲ್ಲಿ ಅದರ ಪ್ರಕಟನೆಯನ್ನೇ ನಿಲ್ಲಿಸಿದರು. ಒಂದು ಕಾರ್ಯಾಗಾರದಲ್ಲಿ ಮೇಜಿನ ಗಿಡ್ಡ ಕಾಲಿಗೆ ತಮ್ಮ ಪುಸ್ತಕಗಳನ್ನು ಆಸರೆಯಾಗಿ ಇಟ್ಟುದನ್ನು ಕಂಡು, ಬೆಲೆಯಿಲ್ಲದುದಕ್ಕೆ ಗೌರವವಿಲ್ಲವೆಂದು 1920ರಿಂದ ಅದಕ್ಕೆ ಕ್ರಯ ಕಟ್ಟಿದರೆಂಬುದು ಆ ಸಂಸ್ಥೆಯವರೇ ಹೇಳುವ ಕಥೆ. ಕಥೆ ಹೇಗಾದರೂ ಇರಲಿ, ಓದುವವನು ತನ್ನ ಕೈಯಿಂದ ಕಾಸು ಕೊಟ್ಟು ಕೊಳ್ಳುವನೇ ಎಂಬುದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ವರ್ತಕನ ಬರಹಕ್ಕೆ ಒಡ್ಡುವುದು ಕಷ್ಟ. ನಮ್ಮ ಮನೆಗಳ ಪಂಚಾಂಗವೂ ಇದೇ ಜಾತಿಯದು. ಯುಗಾದಿಗೆ ಒಂದು ಸಲ ಬಂದು ಗೂಡಿನಲ್ಲಿ ಕುಳಿತರೆ ವರ್ಷವೆಲ್ಲ ಅದನ್ನು ತೆಗೆದು ನೋಡುವರು; ತಿಂಗಳಿಗೊಂದು ಪಂಚಾಂಗ ಬರಲಿಲ್ಲವೆಂದು ಯಾರೂ ಜೋಯಿಸರ ಮೇಲೆ ದೂರು ಹೇಳಿದುದಿಲ್ಲ.

ಹಾಗಾದರೆ ವಿರಳವಾಗಿ ಮಾತಾಡುವುದೇ ಧರ್ಮವೆಂದು ನಿಶ್ಚಯಿಸಬಹುದೇ? ಅಷ್ಟು ಸುಲಭವಲ್ಲ. ಇಂಗ್ಲೆಂಡಿನ ಬ್ಯಾಂಕಿಗೆ ಅಲ್ಲಿಯ ಪಾರ್ಲಿಮೆಂಟು 1844ರ ಶಾಸನದ ಮೂಲಕ ವಾರವಾರವೂ ತನ್ನ ನೋಟು, ಚಿನ್ನ ಮೊದಲಾದುವುಗಳ ತಃಖ್ತೆಯನ್ನು ಪ್ರಕಟಿಸಬೇಕೆಂದು ವಿಧಿಸಿತು. ನಮ್ಮ ರಿಸರ್ವ್ ಬ್ಯಾಂಕಿಗೂ 1934ರ ಕಾಯಿದೆಯಲ್ಲಿ ಅಂಥದೇ ವಾರದ ಲೆಕ್ಕದ ಕಟ್ಟಳೆಯುಂಟು. ಎಷ್ಟೋ ವಾರಗಳಲ್ಲಿ ಅಂಕೆಗಳು ಹೆಚ್ಚು ಕದಲಿರುವುದಿಲ್ಲ. ಆದರೂ ಅಲ್ಲಿ ‘ವಿಶೇಷವಿಲ್ಲ’ ಎಂಬುದೇ ವಿಶೇಷ. ಒಂದು ವಾರ ಆ ಲೆಕ್ಕವು ಬರದಿದ್ದರೆ ಅದಕ್ಕಿಂತ ದೊಡ್ಡ ಸುದ್ದಿ ಪೇಟೆಯಲ್ಲಿ ಇನ್ನೊಂದಿರಲಾರದು. ಶಿರಸಿ ಶಿವಮೊಗ್ಗಗಳ ಅಡಿಕೆಯ ಧಾರಣೆಯೂ ಹಾಗೆಯೇ. ವ್ಯಾಪಾರ ನಡೆದ ದಿನದ ಧಾರಣೆ ಆ ದಿನವೇ ತೋಟದವನಿಗೆ ತಿಳಿಯಬೇಕು. ಅದನ್ನು ತಿಂಗಳ ಕೊನೆಯಲ್ಲಿ ಸೊಗಸಾಗಿ ಬರೆದು ಕಳುಹಿಸುವವನಿಗಿಂತ ದಿನವೂ ಒರಟಾಗಿ ನಾಲ್ಕು ಅಂಕೆಗಳನ್ನು ಬರೆದು ಹಲಗೆಗೆ ಹಚ್ಚುವವನು ಮೇಲು. ಲೆಕ್ಕವೊಪ್ಪಿಸುವ ಮಾತು ಬೇರೆ, ಹರಟೆಯ ಮಾತು ಬೇರೆ. ಪರರ ಹಣವು ತನ್ನ ಕೈಯಲ್ಲಿರುವವನು, ಸಹಕಾರ ಸಂಘದವನು, ಚೀಟಿ ನಡೆಯಿಸುವವನು ಗೊತ್ತಾದ ದಿನದಂದು ತಪ್ಪದೆ ಬಾಯಿ ಬಿಡಲೇಬೇಕು. ಜವಳಿಯಂಗಡಿಯವನಿಗೆ ಅಂಥ ಋಣವಿಲ್ಲ. ಆದರೂ ಲೆಕ್ಕವೊಪ್ಪಿಸುವವನ ಗಾಂಭೀರ್ಯದಿಂದ ಅವನು ಪ್ರತಿ ಸೋಮವಾರವೂ ಹರಟೆಯನ್ನು ಒಪ್ಪಿಸಹೊರಡುತ್ತಾನೆ!

ವಿಷಯವಿದ್ದಾಗ ಮಾತ್ರ ಬರೆಯುವೆನೆಂಬ ಪಕ್ಷವನ್ನು ಶುದ್ಧ ರೂಪದಲ್ಲಿ ಆಚರಿಸಿದವನು ವಿಯೆನ್ನಾ ನಗರದ ಕಾರ್ಲ್ ಕ್ರೌಸ್. ಅವನು 1899ರಲ್ಲಿ ‘ಫಾಕೆಲ್’ ಎಂಬ ಪತ್ರಿಕೆಯನ್ನು ಆರಂಭಿಸಿದನು. ಹೆಸರಿನ ಅರ್ಥ ದೀವಟಿಗೆಯೆಂದು. ಮೊದಲು ತಿಂಗಳಿಗೆ ಮೂರು ಸಲ ಬರುತ್ತಿದ್ದ ಅದು ಕ್ರಮೇಣ ಗೊತ್ತಾದ ತೇದಿಯನ್ನೇ ಕೈಬಿಟ್ಟಿತು. ಅವನ ಏರ್ಪಾಡು ಬಹಳ ಜಾಣತನದ್ದು: ಚಂದಾವು ಇಷ್ಟು ತಿಂಗಳುಗಳಿಗೆ ಎಂದಲ್ಲ, ಇಷ್ಟು ಸಂಚಿಕೆಗಳಿಗೆ ಎಂದು. ಓದುವವನ ಹಣಕ್ಕೂ ಮೋಸವಿಲ್ಲ, ಬರೆಯುವವನ ಮನಸ್ಸಿಗೂ ಬಲಾತ್ಕಾರವಿಲ್ಲ. ಪ್ರಶ್ನೆಯು ಇಲ್ಲಿಗೆ ಬಗೆಹರಿಯಿತೆಂದು ತೋರಬಹುದು. ಆದರೆ 1933ರಲ್ಲಿ ಹಿಟ್ಲರನು ಜರ್ಮನಿಯಲ್ಲಿ ಅಧಿಕಾರಕ್ಕೆ ಬಂದನು. ನಿರ್ಭಯವಾದ ಆ ಲೇಖನಿಯಿಂದ ಏನು ಬರುವುದೋ ಎಂದು ಓದುಗರು ತಿಂಗಳುಗಟ್ಟಲೆ ಕಾದರು. ಅಕ್ಟೋಬರಿನಲ್ಲಿ ನಾಲ್ಕೇ ಪುಟಗಳ ಒಂದು ಸಂಚಿಕೆ ಬಂದಿತು. ಅದರಲ್ಲಿದ್ದುದು ಮೃತನಾದ ಗೆಳೆಯನೊಬ್ಬನ ಸಮಾಧಿಯ ಬಳಿ ಆಡಿದ ಮಾತು, ಮತ್ತು ತನ್ನ ಮೌನವನ್ನು ಕುರಿತ ಹತ್ತು ಸಾಲುಗಳ ಒಂದು ಪದ್ಯ. ಕೆಲವರು ಆ ಮೌನಕ್ಕೆ ತಲೆಬಾಗಿದರು; ಕೆಲವರು ಅದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಮುಂದಿನ ವರ್ಷ ಪತ್ರಿಕೆಯೇಕೆ ಹೊರಡುತ್ತಿಲ್ಲವೆಂಬುದನ್ನು ವಿವರಿಸುವುದಕ್ಕೆ ಅವನು ಮುನ್ನೂರಕ್ಕೂ ಮೀರಿದ ಪುಟಗಳನ್ನು ಬರೆಯಬೇಕಾಯಿತು. ನಿಯಮವಿಲ್ಲದ ಮಾತಿಗೆ ಈ ಒಂದು ಕಷ್ಟ ತಪ್ಪಿದ್ದಲ್ಲ: ಅದರ ಮೌನವನ್ನು ಓದುವವರು ತಮಗೆ ತೋರಿದಂತೆ ಓದುವರು.

ಕ್ರೌಸನ ತೂಕದಲ್ಲಿ ಅಂಗಡಿಯ ಪತ್ರವನ್ನು ತೂಗುವುದು ಅತಿಯೆಂದು ಕೆಲವರಿಗೆ ತೋರೀತು. ಆದರೆ ವರ್ತಕನಿಗೂ ಅಂಥ ದಿನ ಬರುವುದುಂಟು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಗುಳಿಗೆಗಳನ್ನು ನುಂಗಿದ ಏಳು ಮಂದಿ ಸತ್ತರು. ಯಾರೋ ದುಷ್ಟರು ಅವುಗಳಲ್ಲಿ ಸಯನೈಡು ವಿಷವನ್ನು ಬೆರೆಯಿಸಿದ್ದರು. ತಪ್ಪು ತಯಾರಕರದಲ್ಲವೆಂದು ಬೇಗನೆ ಗೊತ್ತಾದರೂ, ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯವರು ತಮ್ಮ ಔಷಧವನ್ನು ಯಾರೂ ತೆಗೆದುಕೊಳ್ಳಕೂಡದೆಂದು ತಾವೇ ಸಾರಿ, ದೇಶದ ಅಂಗಡಿಗಳಿಂದ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಹಿಂದಕ್ಕೆ ಕರೆಯಿಸಿಕೊಂಡರು. ಆ ದಿನ ಅದು ಪತ್ರ ಹೊರಡಿಸುವ ವಾರವೇ ಅಲ್ಲವೇ ಎಂದು ಕೇಳುವವನು ಮನುಷ್ಯನಲ್ಲ. ಅವಧಿಯೆಂಬುದು ಕೆಲವು ಸಲ ಮಾತಾಡದೆ ಇರುವುದಕ್ಕೂ ನೆವವಾಗುತ್ತದೆಂಬುದನ್ನು ಮರೆಯಬಾರದು.

ಇಷ್ಟು ಹೇಳಿದ ಮೇಲೂ ಈ ಚರ್ಚೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದುಹೋಗುವವನು ಒಬ್ಬನಿದ್ದಾನೆ. ಅವನು ಆ ಪತ್ರವನ್ನು ಬರೆಯುವವನು. ಪಾಲುಗಾರರು ವಾರಕ್ಕೆ ಮೂರೆಂದು ನಿಶ್ಚಯಿಸಿ ಮನೆಗೆ ಹೋಗುವರು. ಮೂರನ್ನೂ ತುಂಬಿಸಬೇಕಾದವನು ತಿಂಗಳ ಸಂಬಳದ ಒಬ್ಬ ತರುಣ. ಪ್ರಾಯಶಃ ಸಾಹಿತ್ಯದಲ್ಲಿ ಅಭಿರುಚಿಯುಳ್ಳವನು, ಅದಕ್ಕಾಗಿಯೇ ಈ ಕೆಲಸ ಅವನಿಗೆ ದೊರೆತಿರುವುದು. ಮೊದಲ ತಿಂಗಳು ಅವನು ನಿಜವಾಗಿಯೂ ತಿಳಿದುಕೊಂಡು ಬರೆಯುವನು: ಈ ಬಣ್ಣ ತೊಳೆದರೆ ಏಕೆ ಹೋಗುತ್ತದೆ, ಈ ನೂಲು ಎಲ್ಲಿಂದ ಬರುತ್ತದೆ ಎಂದು ನೇಕಾರರನ್ನು ಕೇಳಿ ಬರೆಯುವನು. ಎರಡನೆಯ ತಿಂಗಳು ಕೇಳುವುದಕ್ಕೆ ಪುರಸೊತ್ತಿರುವುದಿಲ್ಲ. ಓದಿದುದನ್ನು ತಿರುಗಿಸಿ ಬರೆಯುವನು. ಆರನೆಯ ತಿಂಗಳಿಗೆ, ಸಾಧಾರಣವಾದುದನ್ನು ಅಪೂರ್ವವೆಂದೂ, ಹಳೆಯದನ್ನು ನೂತನವೆಂದೂ ಕೈ ನಡುಗದೆ ಬರೆಯುವುದನ್ನು ಕಲಿತಿರುವನು. ಇದರಲ್ಲಿ ದೊಡ್ಡ ಸುಳ್ಳು ಒಂದೂ ಇಲ್ಲ. ಶಬ್ದಕ್ಕೂ ಅರ್ಥಕ್ಕೂ ಇದ್ದ ಸಂಬಂಧ ಅವನ ಮನಸ್ಸಿನಲ್ಲಿ ಸಡಿಲಿದೆ, ಅಷ್ಟೆ. ಗಿರಾಕಿಯು ಪತ್ರವನ್ನು ಓದದೆ ಎಸೆದು ತನ್ನ ಕಾಲು ಗಂಟೆಯನ್ನು ಉಳಿಸಿಕೊಳ್ಳಬಹುದು. ಬರೆದವನಿಗೆ ಅದನ್ನು ಎಸೆಯುವ ಉಪಾಯವಿಲ್ಲ. ಬರೆದುದೆಲ್ಲವೂ ಅವನೊಳಗೆ ಉಳಿಯುತ್ತದೆ. ಅವಸರದಿಂದ ಬರೆದ ಜಾನ್ಸನ್ನನು ತಾನು ನಂಬಿದುದನ್ನು ಬರೆದನು. ಆದುದರಿಂದ ಆ ಚಾಟಿಯೇಟು ಅವನಿಗೆ ಹಿತವಾಯಿತು. ಇವನಿಗೆ ಬೀಳುವ ಏಟು ಅಂಥದಲ್ಲ.

ಪಾಲುಗಾರರು ಮತ್ತೊಮ್ಮೆ ಸಭೆ ಸೇರುವುದಾದರೆ, ಎದುರು ಅಂಗಡಿಯ ಸಂಖ್ಯೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಆ ತರುಣನನ್ನು ಒಳಗೆ ಕರೆಯಬಹುದು. ಕಳೆದ ವರ್ಷ ಗಿರಾಕಿಗಳು ಅಂಗಡಿಯ ಕಟ್ಟೆಯ ಮೇಲೆ ಕುಳಿತು ತಾವಾಗಿಯೇ ಕೇಳಿದ ಪ್ರಶ್ನೆಗಳು ಯಾವುವು, ಅವುಗಳಲ್ಲಿ ಎಷ್ಟಕ್ಕೆ ಇಲ್ಲಿ ಯಾರಿಗಾದರೂ ನಿಜವಾಗಿ ಉತ್ತರ ಗೊತ್ತಿದೆ ಎಂದು ಒಂದು ಪಟ್ಟಿ ಮಾಡಿಸಬಹುದು. ಆ ಪಟ್ಟಿಯಲ್ಲಿ ಹನ್ನೆರಡು ಇದ್ದರೆ ತಿಂಗಳಿಗೆ ಒಂದಾಯಿತು. ನಾಲ್ಕೇ ಇದ್ದರೆ ಋತುವಿಗೊಂದೂ ಆಗುವುದಿಲ್ಲ. ಆಗ ಮೂರು ತಿಂಗಳಿಗೊಂದು ಬರೆಯಿಸಿ, ಉಳಿದ ದಿನಗಳಲ್ಲಿ ಅವನನ್ನು ನೇಕಾರರ ಬೀದಿಗೆ ಕಳುಹಿಸಬಹುದು.