ಹಿಂದಿನ ಸೀಟು

ತಾತನ ಮೋರಿಸ್ ಮೈನರ್ ನಮ್ಮ ಮನೆಯಲ್ಲಿ ಇನ್ನೂ ಓಡುತ್ತಿದೆ. ಅಲೆಕ್ ಇಸಿಗೊನಿಸ್ ವಿನ್ಯಾಸಗೊಳಿಸಿದ, 1948ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಮಾದರಿ. ಅಮ್ಮನಿಗೆ ಬೆನ್ನಿನ ಆಪರೇಷನ್ ಆದ ಮೇಲೆ, ಪ್ರತಿ ಹಂಪ್ ಬಂದಾಗಲೂ ಅವಳು ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಹಿಂಬದಿಯ ಶಾಕ್ ಅಬ್ಸಾರ್ಬರ್‌ಗಳು ಸೋರುತ್ತಿದ್ದವು. ಅವು ಹಳೆಯ ಲಿವರ್ ಮಾದರಿಯವು. ಆಕ್ಸಲ್ ಮೇಲೆ ಕೆಳಗೆ ಆಡಿದಂತೆ ಒಂದು ತೋಳು ತಿರುಗಿ, ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಕವಾಟಗಳ ಮೂಲಕ ನೂಕುತ್ತದೆ. ಆ ತಡೆಯಲ್ಲಿ ಕುಲುಕಾಟದ ಶಕ್ತಿ ಶಾಖವಾಗಿ ಕರಗುತ್ತದೆ. ಎಣ್ಣೆ ಹೋದರೆ ಲೀಫ್ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವವರೇ ಇಲ್ಲ. ಎರಡು ಸಲ ರಿಪೇರಿ ಮಾಡಿಸಿದ್ದಾಗಿತ್ತು. ಈ ಸಲ ಮೆಕ್ಯಾನಿಕ್, "ಬ್ರಾಕೆಟ್ ಕೂರಿಸಿ ಟೆಲಿಸ್ಕೋಪಿಕ್ ಹಾಕಿಸಿಬಿಡಿ ಸಾರ್" ಎಂದರು.

ಅಪ್ಪ ಒಪ್ಪಲಿಲ್ಲ. "ಆಮೇಲೆ ಅದು ತಾತನ ಕಾರು ಹೇಗಾಗುತ್ತೆ?"

ನಾನು 'ಮಿಲಿಂದಪಞ್ಹ'ವನ್ನು ಮುಂದಿಟ್ಟೆ. ಚಕ್ರ ರಥವಲ್ಲ, ಅಚ್ಚೂ ರಥವಲ್ಲ. ಅವೆಲ್ಲ ಕೂಡಿದಾಗ ನಾವು ಕರೆಯುವ ಹೆಸರಷ್ಟೇ ರಥ ಎಂದು ನಾಗಸೇನ ಅರಸನಿಗೆ ಹೇಳುತ್ತಾನೆ. ಅಪ್ಪ ನಕ್ಕರು. "ಆ ರಥ ನಾಗಸೇನನಿಗೆ ಅವರಪ್ಪ ಬಿಟ್ಟುಹೋದದ್ದಲ್ಲವಲ್ಲ!"

ಮಾತು ನಿಜ. ನನ್ನ ಸಂಶೋಧನೆ ಗ್ರಂಥಸಂಪಾದನೆಯದು. ಓಲೆಯ ಪಾಠ ಕೆಟ್ಟಿದೆ ಅನ್ನಿಸಿದರೆ ತಿದ್ದಬಹುದು, ಆದರೆ ಮೂಲಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಲೇಬೇಕು. ತಿದ್ದುವುದಲ್ಲ, ತಿದ್ದಿದ್ದನ್ನು ಮರೆಮಾಚುವುದು ತಪ್ಪು. ಇದನ್ನೇ ಕಾರಿಗೂ ಅನ್ವಯಿಸಿ, ಹೊಸ ತೂತು ಕೊರೆಯದೆ, ಹಳೆಯ ಭಾಗಗಳನ್ನು ಜೋಪಾನವಾಗಿಟ್ಟರೆ ಸಾಕು ಎಂದು ವಾದಿಸಿದೆ. ವಾದ ಒಂದು ವಾರ ನಡೆಯಿತು. ಆ ವಾರವೂ ಅಮ್ಮ ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋಗಿ ಬಂದಳು.

ಕೊನೆಗೆ ಅವಳೇ ಕೇಳಿದಳು: "ನನ್ನನ್ನ ಯಾರಾದ್ರೂ ಕೇಳಿದ್ರಾ?"

ನಿಷ್ಠೆ ಅಪ್ಪನದು, ತರ್ಕ ನನ್ನದು, ನೋವು ಮಾತ್ರ ಅವಳದು. ಪರಂಪರೆಯನ್ನು ಉಳಿಸಬೇಕೇ, ತಿದ್ದಬೇಕೇ ಎಂದು ನಾವು ಬಿಸಿಯಾಗಿ ಚರ್ಚಿಸುತ್ತೇವೆ. ಉಳಿಸುವುದರ ಬೆಲೆ ಯಾರ ಮೈಮೇಲೆ ಬೀಳುತ್ತಿದೆ ಎಂಬುದು ಆ ಚರ್ಚೆಯಲ್ಲಿ ಬರುವುದೇ ಇಲ್ಲ. ಓಲೆಗರಿಗೂ ಕಾರಿಗೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಆಗ: ಕಾರಿನೊಳಗೆ ಮನುಷ್ಯರು ಕೂರುತ್ತಾರೆ.

ಹಳೆಯ ತೂತುಗಳಿಗೇ ಬೋಲ್ಟ್ ಹಾಕಿ ಹೊಸ ಶಾಕ್ ಅಬ್ಸಾರ್ಬರ್ ಕೂರಿಸಿದೆವು. ಹಳೆಯವನ್ನು ಅಪ್ಪನೇ ಒರೆಸಿ, ಬಟ್ಟೆ ಸುತ್ತಿ, ಚೀಟಿ ಅಂಟಿಸಿ ಅಟ್ಟದ ಮೇಲಿಟ್ಟರು. "ಮೊದಲಿನ ಹಾಗಿಲ್ಲ" ಎಂದು ಈಗಲೂ ಗೊಣಗುತ್ತಾರೆ. ಹೌದು, ಇಲ್ಲ. ಅಮ್ಮನ ಕೈ ಈಗ ಅವಳ ಮಡಿಲಲ್ಲಿರುತ್ತದೆ.