ಮುರಿದುಕೊಂಡ ಹಣ

ಆಲೂರಿನಿಂದ ಸಕಲೇಶಪುರದವರೆಗೆ ಹಬ್ಬಿರುವ ಬೆಟ್ಟದ ಸೀಮೆಯಲ್ಲಿ, ಕಾಫಿ ಮೆಣಸುಗಳನ್ನು ಬೆಳೆಯುತ್ತ ಬಂದ ಮನೆತನದ ತರುಣನೊಬ್ಬನು ಹಣ್ಣಿನ ಪಲ್ಪಿಂಗಿಗೋ ಹುರಿದ ಪುಡಿಯ ಮಾರಾಟಕ್ಕೋ ಸಣ್ಣದೊಂದು ಖಾಸಗಿ ಕಂಪನಿಯನ್ನು ಸ್ಥಾಪಿಸಿ ಅದರ ನಿರ್ದೇಶಕನಾದನೆಂದರೆ, ಅವನ ಎದುರಿಗೆ ಬಂದು ನಿಲ್ಲುವ ಮೊದಲ ಧರ್ಮಪ್ರಶ್ನೆಯು ಲಾಭದ್ದಲ್ಲ, ಸಂಬಳದ್ದು. ಚಿಕ್ಕ ತೋಟದಲ್ಲಿ ರೈಟರು ಚೆಕ್‌ರೋಲು ನೋಡಿ ವಾರದ ಬಟವಾಡೆ ಮುಗಿಸಿದರೆ ತೀರುತ್ತಿದ್ದ ಲೆಕ್ಕವು ಈಗ ಅಷ್ಟಕ್ಕೇ ತೀರುವುದಿಲ್ಲ. ಕಂಪನಿಯ ನೋಂದಣಿಯ ಜೊತೆಯಲ್ಲಿಯೇ ಭವಿಷ್ಯನಿಧಿ, ಕಾರ್ಮಿಕ ವಿಮೆ, ವೃತ್ತಿ ತೆರಿಗೆಗಳ ನೋಂದಣಿಯೂ ಆಗುತ್ತದೆ.

ಸಂಬಳದ ಪುಸ್ತಕದ ಒಂದು ಸಾಲನ್ನು ನೋಡೋಣ. ತಿಂಗಳಿಗೆ 25,000 ರೂಪಾಯಿಗೆ ಕಡಿಮೆಯಿಲ್ಲದೆ ಪಡೆಯುವ ನೌಕರನಿಂದ, 1976ರ ಕಾಯಿದೆಯಂತೆ, ಸಾಮಾನ್ಯವಾಗಿ 200 ರೂಪಾಯಿಯ ವೃತ್ತಿ ತೆರಿಗೆ. ಅವನು ಭವಿಷ್ಯನಿಧಿಯ ಸದಸ್ಯನಾಗಿದ್ದರೆ ಅದರ ವಂತಿಗೆ ಶೇಕಡಾ 12. ಆದಾಯವು ಮಿತಿಯನ್ನು ಮೀರಿದ್ದರೆ ಆದಾಯ ತೆರಿಗೆ. ಇಷ್ಟನ್ನೂ ಮುರಿದುಕೊಂಡು ಉಳಿದುದನ್ನು ಕೈಗೆ ಕೊಡುತ್ತಾರೆ. ಮುರಿದುಕೊಂಡದ್ದನ್ನು ಮುಂದಿನ ತಿಂಗಳಲ್ಲಿ ಆದಾಯ ತೆರಿಗೆಯಾದರೆ ಸಾಮಾನ್ಯವಾಗಿ 7ರೊಳಗೆ, ಭವಿಷ್ಯನಿಧಿಯಾದರೆ 15ರೊಳಗೆ, ವೃತ್ತಿ ತೆರಿಗೆಯಾದರೆ 20ರೊಳಗೆ ಕಟ್ಟತಕ್ಕದ್ದು. ಈ ಕೆಲವು ದಿನಗಳ ಕಾಲ ಆ ಹಣವು ಕಂಪನಿಯ ಖಾತೆಯಲ್ಲಿಯೇ ಇರುತ್ತದೆ. ಆಗ ಅದು ಯಾರದು?

ಈ ಪ್ರಶ್ನೆ ಮಲೆನಾಡಿನಲ್ಲಿ ತೀಕ್ಷ್ಣವಾಗುವುದಕ್ಕೆ ಕಾರಣವುಂಟು. ಕಾಫಿಯ ಹಣ ಕೊಯ್ಲಿನ ತರುವಾಯ, ವರ್ಷಕ್ಕೊಮ್ಮೆ ಬರತಕ್ಕದ್ದು; ಸಂಬಳವಾದರೋ ಪ್ರತಿ ತಿಂಗಳೂ ಹೋಗತಕ್ಕದ್ದು. ಆಷಾಢದ ಮಳೆಯಲ್ಲಿ ಕೆಲಸ ನಿಂತು, ಗೊಬ್ಬರದ ಅಂಗಡಿಯ ಬಾಕಿ ಬೆಳೆದು, ಆಳುಗಳು ಮುಂಗಡಕ್ಕೆ ಬಂದು ನಿಂತಾಗ, ‘ಈ ಹಣದಿಂದ ಆಳುಗಳ ಹೊಟ್ಟೆಯನ್ನೇ ತುಂಬಿಸಿ, ತೆರಿಗೆಯನ್ನು ಬಡ್ಡಿಯೊಡನೆ ಆಮೇಲೆ ಕಟ್ಟಿದರೆ ಅದರಲ್ಲಿ ಪಾಪವೇನು?’ ಎಂದು ನಿರ್ದೇಶಕನ ಮನಸ್ಸು ಕೇಳುತ್ತದೆ. ಇದು ದುಷ್ಟನ ತರ್ಕವಲ್ಲ, ಮರುಕವುಳ್ಳವನ ತರ್ಕ. ಆದಕಾರಣವೇ ಇದಕ್ಕೆ ಉತ್ತರ ಹೇಳುವುದು ಕಷ್ಟ.

ಆ ಉತ್ತರವನ್ನು ನಾನು ಕಲ್ಯಾಣದಲ್ಲಿ ಕಾಣುತ್ತೇನೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಅಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯು, ಒಬ್ಬರು ನಂಬಿ ಇರಿಸಿದ ಒಡವೆಯನ್ನು ಅರಸನೋ ದೈವವೋ ಕಳ್ಳನೋ ಒಯ್ದರೆ ಇಟ್ಟುಕೊಂಡವನು ಹೊಣೆಯಲ್ಲವೆಂದೂ, ತಾನೇ ಸ್ವೇಚ್ಛೆಯಿಂದ ಬಳಸಿ ಬಾಳಿದರೆ ಅವನು ದಂಡಾರ್ಹನು, ಬಡ್ಡಿಸಹಿತ ಹಿಂದಿರುಗಿಸತಕ್ಕವನು ಎಂದೂ ವಿಧಿಸುತ್ತದೆ. ಬಡ್ಡಿ ಕೊಟ್ಟಮಾತ್ರಕ್ಕೆ ದೋಷ ಪರಿಹಾರವಾಗದು. ದಂಡವು ಬೇರೆ, ಬಡ್ಡಿಯು ಬೇರೆ. ನಮ್ಮ ಇಂದಿನ ಕಾನೂನೂ, ಮುರಿದುಕೊಂಡ ಆದಾಯ ತೆರಿಗೆಯನ್ನು ಕಟ್ಟದಿದ್ದರೆ ತಿಂಗಳಿಗೆ ಶೇಕಡಾ ಒಂದೂವರೆಯ ಬಡ್ಡಿಯನ್ನು ವಿಧಿಸಿ, ಅದರ ಮೇಲೆ ಕಾರಾಗೃಹದ ಶಿಕ್ಷೆಗೂ ಅವಕಾಶವಿರಿಸಿದೆ. ಭವಿಷ್ಯನಿಧಿಗೆಂದು ಮುರಿದ ಕಾರ್ಮಿಕನ ವಂತಿಗೆಯನ್ನಂತೂ ಮಾಲೀಕನಲ್ಲಿ ನಂಬಿ ಒಪ್ಪಿಸಿದ ಸ್ವತ್ತೆಂದೇ ಪರಿಗಣಿಸುತ್ತದೆ.

ಆದರೆ ಸದುದ್ದೇಶದ ಮಾತೇನು? ಅದಕ್ಕೂ ಅದೇ ಕಲ್ಯಾಣದಲ್ಲಿ ಉತ್ತರವಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಶರಣ ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ದಾಸೋಹಕ್ಕೇ ಸಲ್ಲುವುದಾಗಿದ್ದರೂ, ಲಕ್ಕಮ್ಮನು ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳಷ್ಟೆ. ಹಸಿದವರಿಗೆ ಉಣಬಡಿಸುವ ಪುಣ್ಯವೂ ತನ್ನದಲ್ಲದ ಧಾನ್ಯವನ್ನು ತನ್ನದಾಗಿ ಮಾಡಲಾರದೆಂಬ ಆಕೆಯ ನಿಲುವಿನ ಮುಂದೆ, ಅವರಿಗಾಗಿಯೇ ಬಳಸಿದೆನೆಂಬ ನಿರ್ದೇಶಕನ ಸಮಾಧಾನವು ನಿಲ್ಲಲಾರದು. ಕಾರ್ಮಿಕನ ಮುಪ್ಪಿನ ಹಣವನ್ನು ತೆಗೆದು ಅವನಿಗೇ ಮುಂಗಡವೆಂದು ಕೊಟ್ಟು, ದಾನಿಯೆಂಬ ಹೆಸರನ್ನೂ ಪಡೆಯುವುದು ಎಂಥ ಅನ್ಯಾಯ!

ಕಂಪನಿಗೆ ಕಾನೂನು ಒಂದು ವ್ಯಕ್ತಿತ್ವವನ್ನು ಕೊಟ್ಟಿದೆ, ಅಂತರಾತ್ಮವನ್ನು ಕೊಟ್ಟಿಲ್ಲ. ಅದರ ಪರವಾಗಿ ನಾಚಬೇಕಾದವನು ನಿರ್ದೇಶಕನೇ. ಆದುದರಿಂದ ಬಟವಾಡೆಯ ದಿನವೇ ಮುರಿದ ಹಣವನ್ನು ಬೇರೊಂದು ಖಾತೆಗೆ ಹಾಕಿಬಿಡುವುದು ಕ್ಷೇಮ. ಗಡುವಿನ ತನಕ ಕಾಯುವ ಅಗತ್ಯವೂ ಇಲ್ಲ. ಎಲ್ಲವನ್ನೂ ತೂಗಿಸಲಾಗದ ತಿಂಗಳು ಬಂದರೆ, ಮೊದಲು ನಿಲ್ಲಬೇಕಾದುದು ನಿರ್ದೇಶಕನು ತಾನು ತೆಗೆದುಕೊಳ್ಳುವ ಸಂಬಳ.