ಜಾಲೀಗಿಡದ ಕೆಳಗೆ ಕೂತವರು



ಎಲೀಯನು ಕರ್ಮೆಲ್ ಬೆಟ್ಟದಲ್ಲಿ ಜಯಹೊಂದಿದ ಮೇಲೆ ಅರಣ್ಯಕ್ಕೆ ಓಡಿಹೋಗಿ, ಜಾಲೀಗಿಡದ ಕೆಳಗೆ ಕೂತು, ಸಾವನ್ನು ಬೇಡಿಕೊಂಡನೆಂಬದನ್ನು ನಾವೆಲ್ಲರೂ ಕೇಳಿದ್ದೇವೆ. ಆಗ ದೇವರು ಏನು ಮಾಡಿದನೆಂಬದನ್ನು ಮಾತ್ರ ಅವಸರವಾಗಿ ದಾಟಿಬಿಡುತ್ತೇವೆ. ಆತನು ಗದರಿಸಲಿಲ್ಲ, ನಂಬಿಕೆ ಎಲ್ಲಿ ಹೋಯಿತೆಂದು ಕೇಳಲಿಲ್ಲ. ಮಲಗಗೊಟ್ಟನು, ದೂತನ ಕೈಯಿಂದ ರೊಟ್ಟಿಯನ್ನೂ ನೀರನ್ನೂ ಕೊಡಿಸಿದನು, ತಿರಿಗಿ ಮಲಗಗೊಟ್ಟು ತಿರಿಗಿ ಉಣ್ಣಿಸಿದನು. ಮಾತು ಆಮೇಲೆ ಬಂತು.

ತರೀಕೆರೆ ಸೀಮೆಯ ನಮ್ಮ ಹಳ್ಳಿಗಳಲ್ಲಿ ಮನಸ್ಸಿನ ರೋಗವೆಂದರೆ ಹರಕುಬಟ್ಟೆಯಲ್ಲಿ ಬೀದಿ ಅಲೆಯುವವನೊಬ್ಬನೇ ನೆನಪಿಗೆ ಬರುತ್ತಾನೆ. ಹುಡುಗನಿಗೆ ಬಂದರೆ ಮದುವೆಯಾದರೆ ಸರಿಹೋಗುತ್ತಾನೆನ್ನುತ್ತಾರೆ. ಮುದುಕನಿಗೆ ಬಂದರೆ ಅರಳುಮರಳೆನ್ನುತ್ತಾರೆ. ನಡುವಯಸ್ಸಿನವರ ರೋಗಕ್ಕೆ ಹೆಸರೇ ಇಲ್ಲ, ಯಾಕಂದರೆ ಅವರು ಕೆಲಸಮಾಡುತ್ತಲೇ ಇರುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳುತನದಲ್ಲಿ 2015–16ರಲ್ಲಿ 12 ರಾಜ್ಯಗಳ ಸುಮಾರು 35,000 ವಯಸ್ಕರನ್ನು ವಿಚಾರಿಸಲಾಯಿತು. (ಕರ್ನಾಟಕವು ಆ ಹನ್ನೆರಡರಲ್ಲಿರಲಿಲ್ಲ, ನೆರೆಯ ಕೇರಳವೂ ತಮಿಳುನಾಡೂ ಇದ್ದವು.) 100 ಮಂದಿಯಲ್ಲಿ 10 ಅಥವಾ 11 ಮಂದಿ ಆ ಕಾಲದಲ್ಲಿ ಒಂದಿಲ್ಲೊಂದು ಮಾನಸಿಕ ರೋಗವುಳ್ಳವರಾಗಿದ್ದರು. ಅವರಲ್ಲಿ 80ಕ್ಕಿಂತ ಹೆಚ್ಚು ಪಾಲಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಖಿನ್ನತೆಯೆಂಬ ರೋಗವು ಗಂಡಸರಿಗಿಂತ ಹೆಂಗಸರಲ್ಲಿಯೂ, ಪ್ರಾಯಗಳಲ್ಲಿ 40ರಿಂದ 49ರ ವರೆಗಿನವರಲ್ಲಿಯೂ ಹೆಚ್ಚಾಗಿ ಕಂಡಿತು; ಮುದುಕರಲ್ಲಿಯೂ ಕಡಿಮೆಯಿರಲಿಲ್ಲ. ಅಮೇರಿಕದಲ್ಲಿ ಹಾಗಲ್ಲ. ಅಲ್ಲಿ 2022ರ ಲೆಕ್ಕದಂತೆ ಮಾನಸಿಕ ರೋಗವುಳ್ಳವರು 18ರಿಂದ 25ರ ಪ್ರಾಯದವರಲ್ಲಿ 100ಕ್ಕೆ 36, 50 ದಾಟಿದವರಲ್ಲಿ 14 ಮಾತ್ರ. ಎಣಿಸುವ ಕ್ರಮ ಬೇರೆಯಾದದರಿಂದ ಎರಡು ದೇಶಗಳ ಒಟ್ಟು ಲೆಕ್ಕವನ್ನು ಹೋಲಿಸಬಾರದು. ಆದರೂ ನಮ್ಮಲ್ಲಿ ಮಕ್ಕಳ ಶಾಲೆಯನ್ನೂ ಸಾಲವನ್ನೂ ಹಾಸಿಗೆ ಹಿಡಿದ ಅತ್ತೆಮಾವಂದಿರನ್ನೂ ಹೊತ್ತಿರುವ ಪ್ರಾಯದವರೇ ಕುಗ್ಗುತ್ತಾರೆಂಬದು ಯೋಚಿಸತಕ್ಕದ್ದು. ಇದನ್ನು ಬರೆಯುವ ನಮ್ಮ ಪ್ರಾಯವೂ ಅದೇ.

ನಮ್ಮ ತಪ್ಪೊಂದನ್ನು ಹೇಳಬೇಕು. ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಿದ್ದ ತಾಯಿಯೊಬ್ಬಳು ಆರಾಧನೆಯಲ್ಲಿ ಹಾಡುವದನ್ನು ನಿಲ್ಲಿಸಿ ಹಿಂದಿನ ಸಾಲಿನಲ್ಲಿ ಕೂರತೊಡಗಿದಳು. ವಿಚಾರಿಸಲು, “ಉಪದೇಶಿಯವರೇ, ರಾತ್ರಿ ಮೂರು ಗಂಟೆಗೇ ಎಚ್ಚರವಾಗುತ್ತದೆ, ಅನ್ನ ಮಣ್ಣಿನಂತಿದೆ, ಬದುಕು ಸಾಕಾಗಿದೆ” ಅಂದಳು. ನಾವು ಹೆಚ್ಚು ಪ್ರಾರ್ಥಿಸಬೇಕೆಂದು ಬುದ್ಧಿ ಹೇಳಿ ಬಂದೆವು. ಸಾಕಾಗಿದೆಯೆಂಬ ಮಾತನ್ನು ಕೇಳಿಯೂ ಮುಂದೆ ವಿಚಾರಿಸಲಿಲ್ಲ. ಅವಳು ಪ್ರಾರ್ಥಿಸುತ್ತಲೇ ಇದ್ದಳು, ರೋಗವು ಹೋಗಲಿಲ್ಲ. ಅದರ ಮೇಲೆ ತಾನು ಪಾಪಿಷ್ಠಳೆಂಬ ಭಾರವನ್ನು ನಾವು ಕೂಡಿಸಿದ್ದೆವು. ಜ್ವರ ಬಂದವಳಿಗೆ ಹಾಗೆ ಹೇಳುತ್ತಿದ್ದೆವೋ?

ಕೊನೆಗೆ ಗಂಡನೇ ಅವಳನ್ನು ಆಸ್ಪತ್ರೆಗೆ ಕರಕೊಂಡುಹೋದನು. ಸರಕಾರವು 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮವು ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರಬೇಕೆಂದು ಏರ್ಪಟ್ಟದ್ದು. ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿರಿ. ಸಾಯಬೇಕೆಂದು ಯಾರಾದರೂ ಹೇಳಿದರೆ ಮಂಗಳವಾರಕ್ಕೆ ಕಾಯದೆ ಅವರ ಬಳಿಯಲ್ಲಿ ಕೂತು, 14416ಕ್ಕೆ ಫೋನು ಮಾಡಿರಿ. 2022ರಲ್ಲಿ ಆರಂಭವಾದ ಈ ಸಹಾಯವು ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತಾಡಬಹುದು.

ಯೌವನದಲ್ಲಿಯೇ ಹೆಚ್ಚಾಗಿ ಮೊದಲಾಗುವ ಸ್ಕಿಜೋಫ್ರೇನಿಯಾದಂಥ ಕಠಿಣ ರೋಗಕ್ಕೂ ಔಷಧವುಂಟು. ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸಿನವರು ಇಂಥವರನ್ನು ಹಳ್ಳಿಗಳಲ್ಲಿ ಹುಡುಕಿ ಚಿಕಿತ್ಸೆ ಕೊಡುತ್ತಾ ಬಂದರು; ಔಷಧ ತಕ್ಕೊಂಡವರ ಅಶಕ್ತತೆಯು ತಕ್ಕೊಳ್ಳದವರದಕ್ಕಿಂತ ಬಹಳ ಕಡಿಮೆಯಾಗಿತ್ತು. ಸರಪಣಿಯಿಂದ ಕಟ್ಟುವದನ್ನೋ 2017ರ ಕಾನೂನು ನಿಷೇಧಿಸಿದೆ. ಸಮಾಧಿಗಳಲ್ಲಿ ವಾಸವಾಗಿದ್ದವನಿಗೆ ಊರವರು ಸರಪಣಿ ಹಾಕಿದ್ದರು. ಕರ್ತನು ಅವನನ್ನು ಸ್ವಸ್ಥಮಾಡಿ ಮನೆಗೆ ಕಳುಹಿಸಿದನು.

ಆ ತಾಯಿಗೆ ನಿದ್ದೆ ಬರುವದಕ್ಕೆ ಕೆಲವು ವಾರಗಳೇ ಹಿಡಿದವು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದೆಂದು ಅಪ್ಪಣೆಯಾಗಿದೆ. ಕರ್ತನ ಭೋಜನದ ದಿವಸ ಬರೀ ಹೊಟ್ಟೆಯಲ್ಲಿ ಬರುವ ವಾಡಿಕೆ ಆ ಮನೆಯಲ್ಲುಂಟು. ಬೆಳಗಿನ ಮಾತ್ರೆಗೆ ಏನು ಮಾಡುವದೆಂದು ಹೋದ ತಿಂಗಳು ಅವಳ ಗಂಡನು ಕೇಳಿದನು. ಉಂಡು, ಮಾತ್ರೆ ತಕ್ಕೊಂಡೇ ಬರಲಿ ಅಂದೆವು.